ಕನ್ನಡವೇನು ತೇಪೆಯೇ?

ಕನ್ನಡದ ಹುಡುಗರೇ, ಹುಡುಗಿಯರೇ,

ಬೋರ್ಡಿನ ವಿಚಾರವನ್ನು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಂಗಡಿ ಮುಂದೆ ಬರೀ ಇಂಗ್ಲಿಷ್ ಬೋರ್ಡು ಕಂಡರೆ ನಿಮ್ಮ ರಕ್ತ ಕುದಿಯುತ್ತದೆ. ಕುದಿಯಬೇಕು! 2023ರ ಡಿಸೆಂಬರಿನಲ್ಲಿ ಬೆಂಗಳೂರಿನ ಬೀದಿಗಿಳಿದು ಕೂಗಿದಿರಿ, ಪೊಲೀಸ್ ವ್ಯಾನು ಹತ್ತಿದಿರಿ. 2024ರಲ್ಲಿ ಸರ್ಕಾರ ಕಾನೂನಿಗೆ ತಿದ್ದುಪಡಿ ತಂದು ನಾಮಫಲಕದಲ್ಲಿ ಶೇಕಡ 60ರಷ್ಟು ಕನ್ನಡ ಕಡ್ಡಾಯ ಎಂದಿತು. ಭೇಷ್!

ಈಗ ಒಂದು ಪ್ರಶ್ನೆ ಕೇಳುತ್ತೇನೆ, ಸಿಟ್ಟಾಗಬೇಡಿ. ಕಣ್ಣು ಕಾಣದ ಕನ್ನಡಿಗನ ಬೋರ್ಡು ಎಲ್ಲಿದೆ?

ನೀವು ಬರೆಸಿದ ಶೇಕಡ 60ರ ಬೋರ್ಡು ಅವನಿಗೆ ಕಾಣುವುದಿಲ್ಲ. ಅವನ ಬೋರ್ಡು ಇರುವುದು ಕಿವಿಯಲ್ಲಿ. ಕಂಪ್ಯೂಟರಿನ ಪರದೆಯ ಮೇಲಿರುವುದನ್ನು ಬಾಯಿಬಿಟ್ಟು ಓದಿ ಹೇಳುವ ಒಂದು ತಂತ್ರಾಂಶ ಇದೆ, ಅದರ ಹೆಸರು ಸ್ಕ್ರೀನ್ ರೀಡರ್. ಅದೇ ಅವನ ಕಣ್ಣು, ಅದೇ ಅವನ ಪತ್ರಿಕೆ, ಅದೇ ಅವನ ಅರ್ಜಿ ಫಾರಮ್ಮು. ಆ ಧ್ವನಿ ಕನ್ನಡ ಆಡುತ್ತದೆಯೋ ಇಲ್ಲವೋ ಎಂದು ಎಂದಾದರೂ ಕೇಳಿದ್ದೀರಾ? ನಾನೂ ಕೇಳಿರಲಿಲ್ಲ. ನಮ್ಮ ಮನೆಯೊಳಗೇ ಏಟು ಬೀಳುವ ತನಕ!

ಗೋಗಿಯ ಒಂದು ಸಂಜೆ

ನನ್ನೂರು ಗೋಗಿ. ಯಾದಗಿರಿ ಜಿಲ್ಲೆ, ಶಹಾಪುರದ ಪಕ್ಕ. ಬೆಂಗಳೂರಿನಿಂದ ಹೆಚ್ಚುಕಡಿಮೆ ಐನೂರು ಕಿಲೋಮೀಟರು. ಅಲ್ಲಿ ನಮ್ಮಣ್ಣನ ಮಗ ಇದ್ದಾನೆ, ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಬ್ರೈಲ್ ಕಲಿತ, ಡಿಗ್ರಿ ಮಾಡಿದ, ಹಳೇ ಲ್ಯಾಪ್‌ಟಾಪಿನಲ್ಲಿ ಸ್ಕ್ರೀನ್ ರೀಡರ್ ಹಾಕಿಕೊಂಡು ಕಂಪ್ಯೂಟರ್ ಕಲಿತ. ಒಂದು ದಿನ ಒಂದು ಕಚೇರಿಯಿಂದ ಅವನಿಗೆ ಪ್ರಕಟಣೆಯ ಕಡತ ಬಂತು. ಅಂಗವಿಕಲರಿಗೇ ಮೀಸಲಾದ ಹುದ್ದೆಯದು. ಪೂರ್ತಿ ಕನ್ನಡದಲ್ಲಿತ್ತು. ಕನ್ನಡ ಕನ್ನಡ ಎಂದು ಹಾಡುವ ನಮ್ಮಂಥವರಿಗೆ ಸಂತೋಷವಾಗಬೇಕಾದ ವಿಷಯ ತಾನೇ?

ಹುಡುಗ ಕಡತ ತೆರೆದ. ಯಂತ್ರ ಬಡಬಡಿಸತೊಡಗಿತು. ಊರಿಗೆ ಹೋಗಿದ್ದ ನನ್ನನ್ನು ಕೂಗಿ ಕರೆದ.

'ಕಾಕಾ, ಇದು ಕನ್ನಡ ಓದವಲ್ದು ನೋಡು. ಏನೇನೋ ಹುಚ್ಚರಂಗ ಒದರ್ಲತ್ತದ.'

ನಾನು ನೋಡಿದರೆ ಪರದೆಯ ಮೇಲೆ ಮುತ್ತಿನಂಥ ಕನ್ನಡ ಅಕ್ಷರ! 'ಕನ್ನಡಾನೇ ಅದಲ್ಲೋ ತಮ್ಮಾ' ಎಂದೆ. ಅವನು ಬಾಣದ ಕೀಲಿ ಒತ್ತಿ ಒಂದೊಂದೇ ಅಕ್ಷರ ಬಿಡಿಸಿ ಕೇಳಿಸಿದ. ನನ್ನ ಕಣ್ಣಿಗೆ 'ಕನ್ನಡ' ಎಂದು ಕಾಣುತ್ತಿದ್ದ ಪದ ಯಂತ್ರದ ಹೊಟ್ಟೆಯೊಳಗೆ ಏನಾಗಿತ್ತು ಗೊತ್ತೇ? ಇಂಗ್ಲಿಷಿನ 'ಪಿ', ತಲೆಯ ಮೇಲೆ ಗೀಟು ಎಳೆದ 'ಎ', ಆಮೇಲೆ ಪೌಂಡಿನ ಗುರುತು, ಮತ್ತೆ ಗೀಟಿನ 'ಎ', ಜರ್ಮನ್ನರ ಒಂದು ಅಕ್ಷರ, ಒಂದು 'ಕ್ಯೂ', ಕೊನೆಗೆ ಮತ್ತದೇ ಗೀಟಿನ 'ಎ'!

ಓದುಗರೇ, 'ಕನ್ನಡ' ಎಂಬ ಪದದ ಒಳಗೇ ಬ್ರಿಟಿಷರ ಪೌಂಡು ಕೂತಿದೆ! ಹಳೇ ನುಡಿ, ಹಳೇ ಬರಹ ಮಾದರಿಯ ಫಾಂಟುಗಳ ಗುಟ್ಟು ಇದೇ. ಅಲ್ಲಿ ಇರುವುದು ಕನ್ನಡವಲ್ಲ, ಕನ್ನಡದ ವೇಷ ಹಾಕಿದ ಇಂಗ್ಲಿಷ್ ಸಂಕೇತ. ಕಣ್ಣಿಗೆ ಮೋಸ ಮಾಡಬಹುದು, ಕಿವಿಗೆ ಮಾಡಲಾಗದು.

ಹಾಗೆಂದು ಆ ತಂತ್ರಾಂಶ ಮಾಡಿದವರನ್ನು ನಾನು ಬೈಯುತ್ತಿಲ್ಲ. ಯಂತ್ರಗಳು ಕನ್ನಡವನ್ನು ಒಳಗೇ ಬಿಟ್ಟುಕೊಳ್ಳದ ಕಾಲದಲ್ಲಿ ಅವರು ಹೊರಗಿನಿಂದ ಹೊಲಿದು ಕೊಟ್ಟರು, ಅದರಿಂದ ಕನ್ನಡ ಬದುಕಿತು. ಆದರೆ ಯುನಿಕೋಡ್ ಎಂಬ ಜಾಗತಿಕ ಪಟ್ಟಿಯಲ್ಲಿ ಕನ್ನಡಕ್ಕೆ ಸ್ವಂತ ಮನೆ ಸಿಕ್ಕಿದ್ದು 1991ರಲ್ಲಿ. ಮನೆ ಸಿಕ್ಕಿ ಮೂವತ್ತು ವರ್ಷ ದಾಟಿದ ಮೇಲೂ ಕಚೇರಿಯವರು ಛತ್ರದಲ್ಲೇ ಮಲಗುತ್ತೇವೆ ಎಂದರೆ ಏನೆನ್ನಬೇಕು?

ಹಳೇ ಅಕ್ಷರವನ್ನು ಯುನಿಕೋಡಿಗೆ ಬದಲಿಸುವ ಪರಿವರ್ತಕಗಳಿವೆ. ಅವನು ಅದನ್ನೂ ಹಾಕಿಕೊಂಡ. ಕಡತದಿಂದ ಎತ್ತಿ ಹಾಕಿದರೆ ಒತ್ತಕ್ಷರ ಒಂದು ಕಡೆ, ದೀರ್ಘ ಒಂದು ಕಡೆ. ನಾನು ಕೂತು ಓದಿ ಹೇಳಿದೆ. ಅರ್ಜಿಯ ಕೊನೇ ತಾರೀಖು ಆಗಲೇ ಎರಡು ದಿನ ಹಿಂದೆ ಮುಗಿದಿತ್ತು.

'ಇರ್ಲಿ ಬಿಡು ಕಾಕಾ' ಎಂದು ಲ್ಯಾಪ್‌ಟಾಪ್ ಮುಚ್ಚಿದ. ಆ 'ಇರ್ಲಿ ಬಿಡು' ನನಗೆ ನಿದ್ದೆಗೆಡಿಸಿದೆ. ಅದಕ್ಕೇ ಈ ಲೇಖನ.

ಬಾಗಿಲು ಇಡುವುದು ಬೇರೆ, ಗೋಡೆ ಒಡೆಯುವುದು ಬೇರೆ

ಮನೆ ಕಟ್ಟುವಾಗಲೇ ಬಾಗಿಲು ಇಡುವುದು ಒಂದು. ಗೋಡೆ ಎಬ್ಬಿಸಿ, ಸುಣ್ಣ ಹೊಡೆದು, ಆಮೇಲೆ 'ಅಯ್ಯೋ, ಬಾಗಿಲು ಮರೆತೆವು' ಎಂದು ಸುತ್ತಿಗೆ ತಗೊಂಡು ಬರುವುದು ಇನ್ನೊಂದು. ಅಂಧರ ತಂತ್ರಾಂಶದ ಇಡೀ ಇತಿಹಾಸ ಈ ಎರಡರ ಜಗಳ.

ಮೋಟಾರ್‌ಸೈಕಲ್ ರೇಸಿನಲ್ಲಿದ್ದ ಟೆಡ್ ಹೆಂಟರ್ ಎಂಬ ಅಮೆರಿಕದವನು ಅಪಘಾತದಲ್ಲಿ ಕಣ್ಣು ಕಳೆದುಕೊಂಡ. ಅವನ ಕಂಪನಿ 1989ರಲ್ಲಿ ಡಾಸ್ ಕಂಪ್ಯೂಟರಿಗೆ 'ಜಾಸ್' ಎಂಬ ಸ್ಕ್ರೀನ್ ರೀಡರ್ ತಂದಿತು, 1995ರಲ್ಲಿ ವಿಂಡೋಸಿಗೂ ತಂದಿತು. ಜಾಸ್‌ನ ದೊಡ್ಡ ಶಕ್ತಿ ಸ್ಕ್ರಿಪ್ಟು. ಸ್ಕ್ರಿಪ್ಟು ಎಂದರೆ, ಇಂಥ ತಂತ್ರಾಂಶ ತೆರೆದಾಗ ಹೀಗೆ ನಡೆದುಕೋ, ಮೂಲೆಯ ಆ ಗುಂಡಿಗೆ ಈ ಹೆಸರು ಹೇಳು ಎಂದು ಬರೆದುಕೊಡುವ ಪುಟ್ಟ ಆದೇಶಪಟ್ಟಿ. ಯಾಕೆ ಬೇಕಾಯಿತು? ತಂತ್ರಾಂಶ ಬರೆದ ಮಹಾಶಯರು ತಮ್ಮ ಗುಂಡಿಗಳಿಗೆ ಯಂತ್ರಕ್ಕೆ ಅರ್ಥವಾಗುವ ಹೆಸರೇ ಇಡುವುದಿಲ್ಲ. ಕಣ್ಣಿರುವವನು ಚಿತ್ರ ನೋಡಿ ಒತ್ತುತ್ತಾನೆ. ಇಲ್ಲದವನಿಗೆ ಯಂತ್ರ ಹೇಳುವುದು 'ಬಟನ್, ಬಟನ್, ಬಟನ್' ಇಷ್ಟೇ. ಯಾವುದು ಕಳಿಸುವ ಬಟನ್, ಯಾವುದು ಅಳಿಸುವ ಬಟನ್? ದೇವರೇ ಬಲ್ಲ!

ಆಗ ಯಾರೋ ಒಬ್ಬ, ಬಹಳ ಸಲ ಇನ್ನೊಬ್ಬ ಅಂಧನೇ, ರಾತ್ರಿಯೆಲ್ಲ ಕೂತು ಸ್ಕ್ರಿಪ್ಟು ಬರೆಯುತ್ತಾನೆ. ಆರು ತಿಂಗಳಿಗೆ ಕಂಪನಿ ಹೊಸ ಆವೃತ್ತಿ ಬಿಡುತ್ತದೆ, ಗುಂಡಿಗಳು ಜಾಗ ಬದಲಿಸುತ್ತವೆ, ಸ್ಕ್ರಿಪ್ಟು ಗೋತಾ ಹೊಡೆಯುತ್ತದೆ. ತಪ್ಪು ಕಂಪನಿಯದು, ಬೆವರು ಅಂಧನದು! ಇನ್ನು ಜಾಸ್‌ನ ಬೆಲೆ? ಒಂದು ಪರವಾನಗಿಗೆ ಸುಮಾರು ಸಾವಿರ ಡಾಲರ್ ಇದ್ದ ವಸ್ತು ಅದು. ಗೋಗಿಯ ಹುಡುಗ ಎಲ್ಲಿಂದ ತರಬೇಕು ಸ್ವಾಮಿ?

ಈ ಅನ್ಯಾಯಕ್ಕೆ ಸೆಡ್ಡು ಹೊಡೆದವರು ಆಸ್ಟ್ರೇಲಿಯಾದ ಇಬ್ಬರು ಅಂಧ ಯುವಕರು. 2006ರಲ್ಲಿ ಮೈಕೆಲ್ ಕರನ್ 'ಎನ್‌ವಿಡಿಎ' ಎಂಬ ಉಚಿತ, ಮುಕ್ತ ಸ್ಕ್ರೀನ್ ರೀಡರ್ ಶುರುಮಾಡಿದ. 2007ರಲ್ಲಿ ಗೆಳೆಯ ಜೇಮ್ಸ್ ಟೆ ಜೊತೆ ಸೇರಿ ಸಂಸ್ಥೆ ಕಟ್ಟಿದ. ಇವತ್ತು ಅದು 50ಕ್ಕೂ ಹೆಚ್ಚು ಭಾಷೆಗಳಲ್ಲಿದೆ. ಕನ್ನಡವೂ ಇದೆ! ಅದರ ಜೊತೆಗೇ ಬರುವ 'ಈಸ್ಪೀಕ್' ಎಂಬ ಧ್ವನಿಗೆ ಕನ್ನಡ ಬರುತ್ತದೆ. ಬ್ರೈಲ್ ಪಟ್ಟಿಯಲ್ಲಿ ಕನ್ನಡ ಇದೆ. 'ಕೊಂಡಿ', 'ಶೀರ್ಷಿಕೆ' ಎಂಬಂಥ ಸಂದೇಶಗಳಿಗೆ ಕನ್ನಡಿಗ ಸ್ವಯಂಸೇವಕರು ಅನುವಾದ ಮಾಡಿಟ್ಟಿದ್ದಾರೆ. ಯಾವ ಸನ್ಮಾನವಿಲ್ಲ, ಶಾಲಿಲ್ಲ, ಹಾರವಿಲ್ಲ. ನವೆಂಬರ್ ತಿಂಗಳ ಮೆರವಣಿಗೆಯಲ್ಲಿ ಅವರ ಫೋಟೋ ನೀವು ನೋಡಿದ್ದೀರಾ?

ಒಳಗಿದ್ದರೆ ಏನು, ಹೊರಗಿದ್ದರೆ ಏನು?

'ಹೇಗೋ ಸಿಕ್ಕರೆ ಸಾಕಲ್ಲ, ಆಡ್-ಆನ್ ಹಾಕಿಕೊಂಡರಾಯಿತು' ಎನ್ನುವ ಬುದ್ಧಿವಂತರಿದ್ದಾರೆ. ಅವರಿಗೆ ನಾಲ್ಕು ಮಾತು.

ಒಂದು. ಕಂಪ್ಯೂಟರ್ ಹೊತ್ತಿದ ಕೂಡಲೇ ಪಾಸ್‌ವರ್ಡ್ ಕೇಳುವ ಪರದೆ ಬರುತ್ತದಲ್ಲ, ಅಲ್ಲಿ ಭದ್ರತೆಯ ಕಾರಣಕ್ಕೆ ಎನ್‌ವಿಡಿಎಯ ಆಡ್-ಆನ್‌ಗಳು ತಾವಾಗಿ ನಡೆಯುವುದಿಲ್ಲ. ಒಳಗೇ ಇರುವ ಧ್ವನಿ ಮಾತ್ರ ಮಾತಾಡುತ್ತದೆ. ಹೊರಗಿನಿಂದ ತಂದು ಹಾಕಿದ ಕನ್ನಡ ಬಾಗಿಲಲ್ಲೇ ಚಪ್ಪಲಿ ಬಿಟ್ಟು ನಿಲ್ಲಬೇಕು.

ಎರಡು. ಎನ್‌ವಿಡಿಎಯನ್ನು ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಹೋಗಿ ಬೇರೆಯವರ ಕಂಪ್ಯೂಟರಿನಲ್ಲೂ ಓಡಿಸಬಹುದು. ಒಳಗಿನ ಧ್ವನಿ ಜೊತೆಗೇ ಬರುತ್ತದೆ, ಇಂಟರ್‌ನೆಟ್ ಬೇಡ. ಹಳ್ಳಿಯ ಸೈಬರ್ ಅಂಗಡಿಯಲ್ಲಿ ಕೂತ ಹುಡುಗನಿಗೆ ಇದರ ಬೆಲೆ ಗೊತ್ತು.

ಮೂರು. ವರ್ಷಕ್ಕೊಮ್ಮೆ ಎನ್‌ವಿಡಿಎಯ ದೊಡ್ಡ ಆವೃತ್ತಿ ಬಂದಾಗ ಆಡ್-ಆನ್ ಬರೆದವನು ತನ್ನ ಕೆಲಸವನ್ನು ಮತ್ತೆ ಹೊಂದಿಸಬೇಕು, ಇಲ್ಲವಾದರೆ ಅದು ನಿಂತುಹೋಗುತ್ತದೆ. 2020ರ ಫೆಬ್ರವರಿಯಲ್ಲಿ 2019.3 ಎಂಬ ಆವೃತ್ತಿ ಬಂತು. ಒಳಗಿನ ಪೈಥಾನ್ ಭಾಷೆ ಎರಡನೇ ಪೀಳಿಗೆಯಿಂದ ಮೂರಕ್ಕೆ ಹಾರಿತು. ತಿದ್ದಿ ಬರೆಯದ ಹಳೇ ಆಡ್-ಆನ್‌ಗಳೆಲ್ಲ ಮುಗ್ಗರಿಸಿದವು. ಒಬ್ಬ ಸ್ವಯಂಸೇವಕನಿಗೆ ನೌಕರಿ ಬದಲಾಯಿತು, ಮದುವೆಯಾಯಿತು, ಬಿಡುವು ಸಿಗಲಿಲ್ಲ ಎಂದಿಟ್ಟುಕೊಳ್ಳಿ. ಒಂದು ಭಾಷೆಯ ಬಾಯಿಯೇ ಬಂದ್ ಆಗಬೇಕೆ?

ನಾಲ್ಕು. ಆಡ್-ಆನ್ ಇದೆ ಎಂದು ಗೊತ್ತಾಗಬೇಕು, ಹುಡುಕಬೇಕು, ಇಳಿಸಿಕೊಳ್ಳಬೇಕು. ಇದೆಲ್ಲ ಬಹುಮಟ್ಟಿಗೆ ನಡೆಯುವುದು ಇಂಗ್ಲಿಷಿನಲ್ಲಿ. ಕನ್ನಡ ಪಡೆಯಲು ಮೊದಲು ಇಂಗ್ಲಿಷ್ ಬರಬೇಕು! ಇದಕ್ಕಿಂತ ದೊಡ್ಡ ಅಣಕ ಉಂಟೆ?

ಹಾಗಾದರೆ ಆಡ್-ಆನ್ ಕೆಟ್ಟದ್ದೇ? ಅಲ್ಲವೇ ಅಲ್ಲ. ನ್ಯಾಯವಾದ ಮಾತು ಹೇಳಬೇಕು. ಆಡ್-ಆನ್ ಎಂದರೆ ಸಸಿಮಡಿ. ಹೊಸದನ್ನು ಅಲ್ಲಿ ಬೆಳೆಸಿ ನೋಡಬಹುದು, ಕಂಪನಿಯ ಅಪ್ಪಣೆಗೆ ಕಾಯಬೇಕಿಲ್ಲ. ದೂರದಲ್ಲಿರುವ ಗೆಳೆಯನ ಕಂಪ್ಯೂಟರಿಗೆ ಕೈಹಾಕಿ ಸಹಾಯ ಮಾಡುವ 'ರಿಮೋಟ್' ಸೌಲಭ್ಯ ಎನ್‌ವಿಡಿಎಯಲ್ಲಿ ವರ್ಷಗಟ್ಟಲೆ ಆಡ್-ಆನ್ ಆಗಿಯೇ ಇತ್ತು. ಜನ ಬಳಸಿದರು, ಗಟ್ಟಿಯಾಯಿತು, 2025.1 ಆವೃತ್ತಿಯಲ್ಲಿ ಒಳಗೇ ಬಂತು. ಪರದೆಯನ್ನು ಕಪ್ಪಾಗಿಸಿ ಪಕ್ಕದವರು ಇಣುಕದಂತೆ ಮಾಡುವ ಸೌಲಭ್ಯವನ್ನು 2019.3ರಲ್ಲೇ ಒಳಗೆ ತಂದಿದ್ದರು. ಇದು ಸರಿಯಾದ ದಾರಿ. ಸಸಿಮಡಿಯಲ್ಲಿ ಬೆಳೆದದ್ದು ಹೊಲಕ್ಕೆ ಬರಬೇಕು. ಕನ್ನಡವನ್ನು ಮಾತ್ರ ಜೀವಮಾನವಿಡೀ ಸಸಿಮಡಿಯಲ್ಲೇ ನಿಲ್ಲಿಸುತ್ತೇವೆ ಎಂದರೆ ಒಪ್ಪುವವರು ಯಾರು?

ಸಣ್ಣಪುಟ್ಟ ಅನುಕೂಲಗಳು ಆಡ್-ಆನ್ ಆಗಲಿ. ಮಾತೃಭಾಷೆ ಅನುಕೂಲವಲ್ಲ. ಅದು ಅಡಿಪಾಯ!

ಯಾರು ಕೊಟ್ಟರು, ಯಾರು ಕೈಕೊಟ್ಟರು?

ಲೆಕ್ಕ ತೆಗೆಯೋಣ. ಈಸ್ಪೀಕ್ ಉಚಿತ ತಂತ್ರಾಂಶ. ಲಾಭವಿಲ್ಲದೆ ಕನ್ನಡ ಕೊಟ್ಟಿತು. ಅದರ ದನಿ ಡಬ್ಬಿಯೊಳಗಿನ ಕಲ್ಲಿನಂತೆ ಕಟಕಟ ಎನ್ನುತ್ತದೆ, ನಿಜ. ಆದರೆ ಕಟಕಟ ಎನ್ನುತ್ತಾದರೂ ಕನ್ನಡ ಆಡುತ್ತದೆ.

ಇನ್ನು ದೊಡ್ಡ ಧಣಿಗಳು. ವಿಂಡೋಸ್ 10ರ ಧ್ವನಿಪಟ್ಟಿಯಲ್ಲಿ ಹಿಂದಿ ಇತ್ತು, ತಮಿಳು ಇತ್ತು. ಕನ್ನಡ ಇರಲಿಲ್ಲ. ಬೆಂಗಳೂರಿನಲ್ಲಿ ಗಾಜಿನ ಮಹಲು ಕಟ್ಟಲು ಕನ್ನಡದ ನೆಲ ಬೇಕು, ಕನ್ನಡದ ನೀರು ಬೇಕು. ಕನ್ನಡದ ಧ್ವನಿ ಬೇಡ! ಆಪಲ್ ಕಂಪನಿ 2005ರಲ್ಲೇ ತನ್ನ ಕಂಪ್ಯೂಟರಿನ ಒಳಗೆ 'ವಾಯ್ಸ್‌ಓವರ್' ಎಂಬ ಸ್ಕ್ರೀನ್ ರೀಡರ್ ಇಟ್ಟಿತು, 2009ರಲ್ಲಿ ಐಫೋನಿನಲ್ಲೂ ಇಟ್ಟಿತು. ಬೇರೆ ಕೊಳ್ಳಬೇಕಿಲ್ಲ, ಡಬ್ಬಿ ತೆರೆದ ಕೂಡಲೇ ಮಾತಾಡುತ್ತದೆ. ಇದನ್ನು ಮೆಚ್ಚಲೇಬೇಕು. ಆದರೆ ಆ ಬಾಯಿಗೆ ಕನ್ನಡ ಬಂದದ್ದು 2022ರಲ್ಲಿ. ಹಿಂದಿ ಎಷ್ಟೋ ವರ್ಷ ಮೊದಲೇ ಬಂದು ಕೂತಿತ್ತು. ಗೂಗಲ್‌ನ ಆಂಡ್ರಾಯ್ಡ್ ಫೋನಿನಲ್ಲಿ ಇಂದು ಕನ್ನಡ ಧ್ವನಿ ಸಿಗುತ್ತದೆ. ಗೋಗಿಯ ಹುಡುಗ ಬದುಕಿರುವುದು ಅದರಿಂದಲೇ. ಕೊಡಲು ಆಗುವುದಿಲ್ಲ ಎಂಬುದು ಸುಳ್ಳು ಎನ್ನುವುದಕ್ಕೆ ಇವೇ ಸಾಕ್ಷಿ. ಕೇಳುವವರು ಇರಲಿಲ್ಲ, ಅಷ್ಟೇ.

ನಮ್ಮವರು ಸುಮ್ಮನೆ ಕೂತಿಲ್ಲ. ಮದ್ರಾಸ್ ಐಐಟಿಯ ಮುಂದಾಳತ್ವದಲ್ಲಿ ಕೇಂದ್ರ ಸರ್ಕಾರದ ಹಣದಿಂದ ಭಾರತೀಯ ಭಾಷೆಗಳ ಧ್ವನಿ ತಯಾರಾಯಿತು, ಅದರಲ್ಲಿ ಕನ್ನಡವೂ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಜಿ. ರಾಮಕೃಷ್ಣನ್ ಅವರ ತಂಡ ಅಚ್ಚಾದ ಕನ್ನಡ ಪುಟವನ್ನು ಪಠ್ಯವಾಗಿಸುವ 'ಲಿಪಿ ಜ್ಞಾನಿ' ಮಾಡಿತು. 2022ರಲ್ಲಿ 'ಭಾಷಿಣಿ' ಎಂದು ಪ್ರಧಾನಿಯೇ ಉದ್ಘಾಟಿಸಿದರು. ಆದರೆ ಎನ್‌ವಿಡಿಎ ಹಾಕಿದ ಕೂಡಲೇ ಮಾತಾಡುವುದು ಈ ಯಾವ ಧ್ವನಿಯೂ ಅಲ್ಲ, ಅದೇ ಕಟಕಟ ಈಸ್ಪೀಕ್. ತೆರಿಗೆ ನಮ್ಮದು, ಧ್ವನಿ ನಮ್ಮದು, ಒಳಗೆ ಮಾತ್ರ ಜಾಗವಿಲ್ಲ!

ನೆಲದೊಳಗೆ ಯುರೇನಿಯಂ, ನೆಲದ ಮೇಲೆ ಮೂಕತನ

ಗೋಗಿಯ ಹೆಸರು ದೆಹಲಿಗೆ ಗೊತ್ತಿದೆ. ಯಾಕೆ? ನಮ್ಮ ನೆಲದಡಿ ಯುರೇನಿಯಂ ಇದೆ. ಪರಮಾಣು ಖನಿಜ ಇಲಾಖೆಯವರು ಬಂದರು, ಕೊರೆದರು. ಯುರೇನಿಯಂ ನಿಗಮದವರು ಬಂದು ಪರೀಕ್ಷೆಗೆಂದು ಬಾವಿಯನ್ನೇ ತೋಡಿದರು. ಕುಡಿಯುವ ನೀರು ಏನಾಗುತ್ತದೋ ಎಂದು ಊರು ಹೆದರಿ ಕೂತಿತು. ಬಂಡೆಯ ಅಡಿಯಲ್ಲಿ ಅಡಗಿರುವ ಲೋಹವನ್ನು ಹುಡುಕಬಲ್ಲ ಸರ್ಕಾರಕ್ಕೆ, ಬಂಡೆಯ ಮೇಲೆ ಕೂತಿರುವ ಹುಡುಗನಿಗೆ ಓದಲು ಬರುವಂಥ ಒಂದು ಕನ್ನಡ ಕಡತ ಮಾಡಲು ಬರುವುದಿಲ್ಲ!

ಅದೇ ಗೋಗಿಯಲ್ಲಿ ಬಿಜಾಪುರದ ಮೊದಲ ಆದಿಲ್‌ಶಾಹಿಗಳ ಗೋರಿಗಳಿವೆ. ಅಲ್ಲಿ ಮಲಗಿರುವ ಒಂದನೇ ಇಬ್ರಾಹಿಂ ಆದಿಲ್‌ಶಾಹಿ ಆಳಿದ್ದು 1534ರಿಂದ 1558ರವರೆಗೆ. ಅವನು ಲೆಕ್ಕಪತ್ರಗಳಿಂದ ಪಾರಸಿಯನ್ನು ತೆಗೆದು ದೇಶಭಾಷೆ ತಂದನೆಂದು ಇತಿಹಾಸಕಾರ ಫಿರಿಸ್ತಾ ಬರೆದಿದ್ದಾನೆ. ಅವನು ಅದನ್ನು ತೇಪೆಯಂತೆ ಹಚ್ಚಲಿಲ್ಲ, ದಫ್ತರದ ಒಳಗೇ ತಂದ. ಸುಲ್ತಾನನಿಗೆ ಹೊಳೆದದ್ದು ನಮ್ಮ ಸಾಹೇಬರಿಗೆ ಇನ್ನೂ ಹೊಳೆದಿಲ್ಲ.

ಕಾನೂನು ಇದೆ, ಕನ್ನಡ ಎಲ್ಲಿ?

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 42ನೇ ಕಲಂ ಅಚ್ಚಿನ ಮತ್ತು ಎಲೆಕ್ಟ್ರಾನಿಕ್ ಮಾಹಿತಿ ಅಂಗವಿಕಲರಿಗೆ ದಕ್ಕುವ ರೂಪದಲ್ಲಿರಬೇಕು ಎನ್ನುತ್ತದೆ. 2024ರ ನವೆಂಬರ್ 8ರಂದು ರಾಜೀವ್ ರಾತುರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಈ ವಿಷಯದಲ್ಲಿ ಬರೀ ಸಲಹೆ ಸಾಲದು, ಕಡ್ಡಾಯ ನಿಯಮ ಬೇಕು ಎಂದಿತು. 2025ರ ಏಪ್ರಿಲ್ 30ರಂದು ಅದೇ ಕೋರ್ಟು, ಡಿಜಿಟಲ್ ಸೇವೆ ದಕ್ಕುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನದೇ ಭಾಗ ಎಂದಿತು.

ಸಂತೋಷ. ಆದರೆ ಈಗ ನಮ್ಮ ಕಡೆಯ ತಪ್ಪು ನೋಡಿ. ಅಂಗವಿಕಲರ ಹೋರಾಟ 'ದಕ್ಕುವ ರೂಪ' ಕೇಳುತ್ತದೆ, ಇಂಗ್ಲಿಷಿನಲ್ಲಿ ಸಿಕ್ಕರೆ ಗೆದ್ದೆವು ಎನ್ನುತ್ತದೆ. ಕನ್ನಡದ ಹೋರಾಟ ಕನ್ನಡ ಕೇಳುತ್ತದೆ, ಕಣ್ಣಿಗೆ ಕಂಡರೆ ಗೆದ್ದೆವು ಎನ್ನುತ್ತದೆ. ಎರಡರ ನಡುವಿನ ಸಂದಿನಲ್ಲಿ ಬಿದ್ದವನು ಕಣ್ಣು ಕಾಣದ ಕನ್ನಡಿಗ. ಅವನನ್ನು ಆ ಸಂದಿಗೆ ತಳ್ಳಿದವರಲ್ಲಿ ನಾನೂ ಇದ್ದೇನೆ, ನೀವೂ ಇದ್ದೀರಿ.

ಏನು ಮಾಡೋಣ?

ಸರ್ಕಾರಕ್ಕೆ ನಮ್ಮ ಬೇಡಿಕೆ ಮೂರು. ಹಳೇ ಫಾಂಟಿನ ಕಡತ ಮತ್ತು ಕಾಗದದ ಫೋಟೋ ತೆಗೆದು ಏರಿಸುವ ಆದೇಶ ಎರಡೂ ನಿಲ್ಲಬೇಕು. ಪ್ರತಿಯೊಂದು ಪ್ರಕಟಣೆ ಯುನಿಕೋಡ್ ಪಠ್ಯವಾಗಿಯೇ ಬರಬೇಕು. ಎರಡನೆಯದು, ಸರ್ಕಾರದ ದುಡ್ಡಿನಲ್ಲಿ ಕೊಳ್ಳುವ ಪ್ರತಿ ಕಂಪ್ಯೂಟರು, ಪ್ರತಿ ತಂತ್ರಾಂಶಕ್ಕೆ ಟೆಂಡರಿನಲ್ಲೇ ಷರತ್ತು ಇರಬೇಕು: ಒಳಗೇ ಕನ್ನಡ ಧ್ವನಿ ಇಲ್ಲವೇ? ಕೊಳ್ಳುವುದಿಲ್ಲ, ನಡೆಯಿರಿ! ಕಂಪನಿಗೆ ಮನವಿಪತ್ರದ ಭಾಷೆ ತಿಳಿಯುವುದಿಲ್ಲ, ಟೆಂಡರಿನ ಭಾಷೆ ತಿಳಿಯುತ್ತದೆ. ಮೂರನೆಯದು, ಜನರ ಹಣದಿಂದ ಆದ ಕನ್ನಡ ಧ್ವನಿಗಳನ್ನು ಎನ್‌ವಿಡಿಎಯಂಥ ಉಚಿತ ತಂತ್ರಾಂಶದ ಒಳಗೇ ಸೇರಿಸಲು ಜನ, ಹಣ ಕೊಡಬೇಕು. ಸೇರಿಸಿ ಕೈತೊಳೆದುಕೊಂಡರೆ ಸಾಲದು, ವರ್ಷವರ್ಷ ನೋಡಿಕೊಳ್ಳಬೇಕು.

ಇನ್ನು ನೀವು. ನಿಮ್ಮಲ್ಲಿ ಎಷ್ಟೋ ಜನ ಕಂಪ್ಯೂಟರ್ ಕಂಪನಿಗಳಲ್ಲಿದ್ದೀರಿ. ನೀವು ಬರೆಯುವ ಪ್ರತಿ ಗುಂಡಿಗೂ ಹೆಸರಿಡಿ. ಕನ್ನಡ ಪುಟಕ್ಕೆ 'ಇದು ಕನ್ನಡ' ಎಂಬ ಭಾಷಾ ಗುರುತು ಹಾಕಿ. ಒಂದು ಸಾಲಿನ ಕೆಲಸ ಅದು. ಹಾಕದಿದ್ದರೆ ಇಂಗ್ಲಿಷ್ ಧ್ವನಿಗಳು ಕನ್ನಡದ ಸಾಲನ್ನು ಎಷ್ಟೋ ಸಲ ಗಪ್‌ಚಿಪ್ ದಾಟಿಹೋಗುತ್ತವೆ. ಕೇಳುವವನಿಗೆ ಅಲ್ಲಿ ಸಾಲು ಇತ್ತೆಂಬುದೂ ತಿಳಿಯದು. ನಿಮ್ಮ ಸಂಘದ ಕರಪತ್ರವನ್ನು ಚಿತ್ರ ಮಾಡಿ ಹಂಚುತ್ತೀರಲ್ಲ, ಜೊತೆಗೆ ಪಠ್ಯವನ್ನೂ ಕಳಿಸಿ. ಭಾನುವಾರ ಎರಡು ಗಂಟೆ ಬಿಡುವಿದ್ದರೆ ಎನ್‌ವಿಡಿಎಯ ಕನ್ನಡ ಅನುವಾದಕ್ಕೆ ಕೈಜೋಡಿಸಿ. ಓದಲಾಗದ ಸರ್ಕಾರಿ ಕಡತ ಸಿಕ್ಕರೆ ರಾಜ್ಯದ ಅಂಗವಿಕಲರ ಆಯುಕ್ತರಿಗೆ ದೂರು ಬರೆಯಿರಿ. ಕನ್ನಡದಲ್ಲೇ ಬರೆಯಿರಿ, ಯುನಿಕೋಡಿನಲ್ಲೇ ಬರೆಯಿರಿ!

ಮತ್ತೊಂದು ಕೆಲಸ, ಇವತ್ತೇ ಆಗಬೇಕಾದದ್ದು. ನಿಮ್ಮ ಫೋನಿನಲ್ಲಿ ಸ್ಕ್ರೀನ್ ರೀಡರ್ ಹಾಕಿ, ಕಣ್ಣು ಮುಚ್ಚಿ, ನೀವೇ ಮಾಡಿದ ಕನ್ನಡ ಪುಟವನ್ನು ಹತ್ತು ನಿಮಿಷ ಕೇಳಿ. ನಿಮಗೇ ನಾಚಿಕೆಯಾಗುತ್ತದೆ. ನನಗೆ ಆಯಿತು. ನಮ್ಮ ಸಂಘದ ಕಳೆದ ಹತ್ತು ವರ್ಷದ ಕರಪತ್ರಗಳಲ್ಲಿ ಒಂದನ್ನೂ ನನ್ನ ಅಣ್ಣನ ಮಗ ಓದಿಲ್ಲ. ಓದಲು ಬರುವಂತೆ ನಾನು ಮಾಡಿರಲಿಲ್ಲ.

ಗೆಳೆಯರೇ, ಬೋರ್ಡಿಗೆ ಹೋರಾಡಿದ ಕೈ ದಣಿದಿಲ್ಲ ಎಂದು ಬಲ್ಲೆ. ಹೊರಗಿನ ಬೋರ್ಡು ಬದಲಿಸಿದ್ದೀರಿ, ಈಗ ಯಂತ್ರದ ಒಳಗಿನ ಬೋರ್ಡು ಬದಲಿಸಿ. ಕೊಡುವುದಾದರೆ ಹುಟ್ಟಿನಲ್ಲೇ ಕೊಡಿ ಎಂದು ಕೇಳಿ. ಅಂಗಿ ಹರಿದರೆ ತೇಪೆ ಹಚ್ಚಿಕೊಳ್ಳೋಣ, ಅದಕ್ಕೆ ಬೇಸರವಿಲ್ಲ. ಆದರೆ ಕನ್ನಡ ತೇಪೆಯಲ್ಲ, ನೂಲು! ನೂಲಿಲ್ಲದೆ ಬಟ್ಟೆಯೇ ಇಲ್ಲ.

ಮುಂದಿನ ಪ್ರಕಟಣೆ ಬಂದಾಗ ಗೋಗಿಯ ಹುಡುಗ 'ಇರ್ಲಿ ಬಿಡು ಕಾಕಾ' ಎನ್ನಬಾರದು. 'ಅರ್ಜಿ ಹಾಕೀನಿ ಕಾಕಾ' ಎನ್ನಬೇಕು.

ಅಲ್ಲಿಯವರೆಗೆ ನಮಗೆ ನವೆಂಬರ್ ಒಂದರ ಲಾಡು ಜೀರ್ಣವಾಗಬಾರದು!